ಮಿಲ್ಟ್ರಿ ಕಳಕಪ್ಪನ ಎಡೆ

“ಅತ್ತಿ, ಅದಲ್ಲರಿ...!” ಎಂಬ ಮಾತು ಬನಶ್ರೀಯ ಗಂಟಲಿನವರೆಗೆ ಬಂತು, ಬಂದದ್ದು ಅಲ್ಲೇ ಬೋರೆಹಣ್ಣಿನ ಬೀಜದಂತೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಸುಶೀಲವ್ವ ಹಿತ್ತಿಲ ಮೂಲೆಯಲ್ಲಿದ್ದ ಕರಿ ಗಡಿಗೆಯನ್ನು ಎರಡೂ ಕೈಯಿಂದ ಎತ್ತಿ, ಬಾಯಿಗೆ ಕಟ್ಟಿದ್ದ ಬಟ್ಟೆ ಕಿತ್ತು, ಒಳಗಿದ್ದುದನ್ನೆಲ್ಲ ಗಂಜಿಯ ಬೋಗುಣಿಗೆ ಸುರಿದೇಬಿಟ್ಟಳು. ಗಳಗಳ ಸದ್ದು! ಗಡಿಗೆಯಲ್ಲಿದ್ದುದು ಬಿದ್ದ ಸದ್ದಲ್ಲ, ತನ್ನ ಅಪ್ಪನೇ ಇನ್ನೊಮ್ಮೆ ಮಣ್ಣಿಗೆ ಇಳಿದ ಸದ್ದು ಎನಿಸಿತು ಬನಶ್ರೀಗೆ.

“ನೋಡ, ನಿನ್ನಿ ಗಂಜಿ ಎಷ್ಟ ಚಲೋ ಹುಳಿ ಬಂದೈತಿ,” ಎಂದಳು ಸುಶೀಲವ್ವ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. “ನೆಗಡಿ ಆಗಿ ಮೂಗ ಕಟ್ಟೈತಿ, ಆದ್ರೂ ನನಗ ತಿಳೀತೈತಿ. ಏನ ಹಂಗ ಮಣ್ಣಿನ ಗೊಂಬಿ ಹಂಗ ನಿಂತಿ? ಕಟಗಿ ತಗೊಂಡ ತಿರುವ!”

ಬನಶ್ರೀ ಕಟ್ಟಿಗೆ ತೆಗೆದುಕೊಂಡಳು. ತಿರುವಿದಳು.

ಆ ನೆಗಡಿಯೊಂದು ಇರದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಸುಶೀಲವ್ವನ ಮೂಗು ಸಾಮಾನ್ಯದ್ದಲ್ಲ. ಲಕ್ಕಲಕಟ್ಟಿಯಲ್ಲಿ ಯಾವನೋ ಬೀಡಿ ಹಚ್ಚಿದರೆ ಗಜೇಂದ್ರಗಡದಲ್ಲಿ ಕೂತು ಸೀನುವ ಹೆಂಗಸು ಅವಳು! ಶೆರೆಯ ವಾಸನೆ ಬಂದರಂತೂ ಮುಗಿಯಿತು. ದಾರಿಯಲ್ಲಿ ಹೋಗುವ ಕುಡುಕನ ಹಿಂದೆ ಬಿದ್ದು, ಅವನ ಏಳು ತಲೆಮಾರಿನ ಹಿರಿಯರನ್ನು ಸಾಲಾಗಿ ನಿಲ್ಲಿಸಿ ತೊಳೆದು ಒಣಹಾಕಿ ಬರುತ್ತಿದ್ದಳು. ಅಂಥವಳ ಮನೆಯ ಹಿತ್ತಿಲಿನಲ್ಲಿ, ಅವಳ ಮೂಗಿನ ಕೆಳಗೇ, ಸೊಸೆ ಜೋಳದ ಶೆರೆ ಇಟ್ಟಿದ್ದಳೆಂದರೆ ಯಾರು ನಂಬಬೇಕು?

ಬನಶ್ರೀ ಅದನ್ನು ಕುಡಿಯಲು ಇಟ್ಟಿರಲಿಲ್ಲ. ಪುರ್ತಗೇರಿಯ ಅವಳ ಅಪ್ಪನನ್ನು ಊರೆಲ್ಲ ಮಿಲ್ಟ್ರಿ ಕಳಕಪ್ಪ ಎನ್ನುತ್ತಿತ್ತು. ಸೈನ್ಯದಲ್ಲಿದ್ದಾಗ ದೂರದ ಈಶಾನ್ಯದ ಗುಡ್ಡಗಳಲ್ಲಿ ಯಾವುದೋ ಮುದುಕಿ ಅವನಿಗೆ ಅಕ್ಕಿಯ ಶೆರೆ ಮಾಡುವುದನ್ನು ಕಲಿಸಿದ್ದಳಂತೆ. ಬರುವಾಗ ಅಕ್ಕಿಹಿಟ್ಟಿನಲ್ಲಿ ಕಟ್ಟಿ ಒಣಗಿಸಿದ ಹೆಪ್ಪಿನ ಬಿಲ್ಲೆಗಳನ್ನು ಟ್ರಂಕಿನಲ್ಲಿ ಇಟ್ಟು ತಂದ. ಮೊಸರಿಗೆ ಹೆಪ್ಪು ಹೇಗೋ, ಶೆರೆಗೆ ಆ ಬಿಲ್ಲೆ ಹಾಗೆ. ಹಳೆಯ ಬಿಲ್ಲೆ ಪುಡಿ ಮಾಡಿ ಹೊಸ ಹಿಟ್ಟಿಗೆ ಬೆರೆಸಿದರೆ ಹೊಸ ಬಿಲ್ಲೆ. ಹೀಗೆ ವರ್ಷ ವರ್ಷ ಅದನ್ನು ಸಾಯಗೊಡದೆ ಸಾಕಿದ. ಎರೆಹೊಲದ ಊರಲ್ಲಿ ಅಕ್ಕಿ ಎಲ್ಲಿಯದು? ಬಿಳಿಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬೇಯಿಸಿದ ಜೋಳದೊಡನೆ ಕಲಸಿ ಬಿಲ್ಲೆಯ ಪುಡಿ ಉದುರಿಸುತ್ತಿದ್ದ. ಅವನೇನು ಮಾರುವವನಲ್ಲ, ಬಿದ್ದು ಹೊರಳುವವನೂ ಅಲ್ಲ. ಹಬ್ಬಕ್ಕೊಂದು ಗಡಿಗೆ, ಸಂಜೆ ಒಂದು ಲೋಟ ಕುಡಿದು ಬನಶ್ರೀಗೆ ಗುಡ್ಡದ ನಾಡಿನ ಹಾಡು ಹೇಳುತ್ತಿದ್ದ. ಆ ಹಾಡಿನ ಒಂದು ಶಬ್ದವೂ ಅರ್ಥವಾಗುತ್ತಿರಲಿಲ್ಲ, ಅವನಿಗೂ ಆಗುತ್ತಿರಲಿಲ್ಲ! ಗಂಡುಮಗನಿಗೆ ಆ ವಾಸನೆಯೇ ಆಗದು. ತಾಯಿಯಿಲ್ಲದ ಮಗಳು ಮಾತ್ರ ಗಡಿಗೆಗೆ ಕಿವಿಯಿಟ್ಟು, ಒಳಗೆ ಗುಳುಗುಳು ಎನ್ನುವುದನ್ನು ಕೇಳುತ್ತ ಬೆಳೆದಳು. ಸಾಯುವ ಮುಂಚೆ ಅವನು ಅವಳ ಕೈಯಲ್ಲಿ ಬಿಲ್ಲೆಗಳ ಗಂಟು ಇಟ್ಟು ಹೇಳಿದ್ದು ಇಷ್ಟೇ: “ಇದು ಸಾಯಬಾರದವ್ವ. ನನ್ನ ವರ್ಷದ ಎಡಿಗೆ ನಿನ್ನ ಕೈದ ಒಂದ ಲೋಟ ಇಡ. ಅಷ್ಟ ಸಾಕ.”

ಸತ್ತವರ ಮುಂದೆ ಅವರು ಬದುಕಿದ್ದಾಗ ಬಯಸಿದ್ದನ್ನು ಇಡುವುದು ಆ ಕಡೆಯ ಪದ್ಧತಿ. ಬೀಡಿ ಸೇದುತ್ತಿದ್ದವನಿಗೆ ಬೀಡಿ, ಎಲೆ ಜಗಿಯುತ್ತಿದ್ದವಳಿಗೆ ಎಲೆ. ಆ ವರ್ಷದ ಎಡೆ ಈಗ ಹತ್ತಿರ ಬಂದಿತ್ತು. ಅದಕ್ಕೇ ಬನಶ್ರೀ ಗಡಿಗೆ ಇಟ್ಟಿದ್ದಳು. ನೇಕಾರರ ಮನೆಯಲ್ಲಿ ಹುಳಿ ವಾಸನೆಯ ಗಡಿಗೆ ಯಾರ ಕಣ್ಣಿಗೂ ಬೀಳದ ಜಾಗವೆಂದರೆ ಗಂಜಿಯ ಗಡಿಗೆಗಳ ಸಾಲು. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ಹಾಸಿನ ನೂಲಿಗೆ ಬಿಗಿ ಬರಲೆಂದು ಹಚ್ಚುವ ಹೊಸ ಗಂಜಿಗೆ ನಿನ್ನೆಯ ಹುಳಿ ಗಂಜಿ ಒಂದಿಷ್ಟು ಬೆರೆಸುವುದು ಆ ಮನೆಯ ರೂಢಿ. ಅಲ್ಲಿ ಇಟ್ಟರೆ ಯಾರು ಕೇಳುತ್ತಾರೆ ಎಂದುಕೊಂಡಳು. ಯಾರೂ ಕೇಳಲಿಲ್ಲ... ಎತ್ತಿ ಸುರಿದರು!

ಆ ಹಾಸು ಎಂಥದ್ದು! ನಾದಿನಿ ಐಶ್ವರ್ಯಾಳ ಮದುವೆಯ ಸೀರೆಯದು. ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಈ ಮನೆಯ ಹೆಣ್ಣುಮಗಳ ಮೈಮೇಲೆ ಈ ಮನೆಯ ಮಗ್ಗದ ಪಟ್ಟೆದಂಚಿನ ಸೀರೆಯೇ ಇರಬೇಕು. ಮಾವ ಗವಿಸಿದ್ದಪ್ಪನ ತಾತನ ಕಾಲದಿಂದಲೂ ಹೀಗೇ. ಮೊಳಕೆಯ ಜೋಳ ಗಂಜಿಯನ್ನು ತಿಂದು ನೀರು ಮಾಡುತ್ತದೆ ಎಂಬುದು ಬನಶ್ರೀಗೆ ಗೊತ್ತಿತ್ತು. ಶೆರೆ ಆಗುವುದೇ ಹಾಗೆ. ಮುದ್ದೆಯಂತಿದ್ದ ಜೋಳ ಬೆಳಗಾಗುವುದರೊಳಗೆ ತಿಳಿನೀರಾಗುತ್ತಿದ್ದುದನ್ನು ಅವಳು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದವಳು. ಆದರೆ ಬಾಯಿ ಬಿಟ್ಟರೆ? ಟ್ರಂಕಿನ ತಳದಲ್ಲಿದ್ದ ಉಳಿದ ಬಿಲ್ಲೆಗಳೂ ಹೋಗುತ್ತವೆ. ಸುಮ್ಮನಿದ್ದರೆ ಇನ್ನೊಂದು ಗಡಿಗೆ ಇಡಬಹುದು, ಅಪ್ಪನ ಎಡೆಗೆ ವೇಳೆಗೆ ಸರಿಯಾಗಿ ಒದಗುತ್ತದೆ. ‘ಒಂದು ಗಡಿಗೆಯಿಂದ ಏನಾದೀತು... ಏನೂ ಆಗಲಿಕ್ಕಿಲ್ಲ...’ ಎಂದು ತನಗೆ ತಾನೇ ಹೇಳಿಕೊಂಡು ಕಟ್ಟಿಗೆ ತಿರುವುತ್ತಲೇ ಇದ್ದಳು.

ಬಿಸಿಲೇರುವ ಮುಂಚೆ ಓಣಿಯ ಉದ್ದಕ್ಕೂ ಹಾಸು ಬಿಗಿದರು. ಒಂದು ತುದಿಗೆ ಗವಿಸಿದ್ದಪ್ಪ, ಇನ್ನೊಂದು ತುದಿಗೆ ಮಗ ಶರತ, ನಡುವೆ ನೆರೆಮನೆಯ ನಿಲೋಫರ ಬ್ರಷ್ ಹಿಡಿದು.

“ಸುಶೀಲಕ್ಕ, ಇದೇನ ಗಂಜಿನೋ ಮಜ್ಜಿಗಿನೋ? ಬ್ರಷ್ ಮ್ಯಾಲ ನಿಲ್ಲವಲ್ದು!” ಎಂದಳು ನಿಲೋಫರ.

“ನಿನ್ನ ಕೈ ನೀರಾಗೈತಿ, ಗಂಜಿಗ್ಯಾಕ ಹೆಸರ ಇಡತಿ? ತಿಕ್ಕ!”

“ತಿಕ್ಕತೀನವ್ವಾ. ನಾಳೆ ಸೀರಿ ಬದ್ಲಿ ಸೊಳ್ಳಿ ಪರದೆ ಆದ್ರ ನನ್ನ ಅನಬ್ಯಾಡ.”

ಓಣಿಯೆಲ್ಲ ನಕ್ಕಿತು. ಬನಶ್ರೀ ಗಂಡನ ಪಕ್ಕ ಹೋಗಿ ನಿಂತಳು. ರೋಣದ ಶಾಲೆಯೊಂದರ ವ್ಯಾನು ಓಡಿಸುತ್ತಿದ್ದ ಶರತನೇ ಆ ಬಿಲ್ಲೆಯ ಗಂಟನ್ನು ಸೀಟಿನ ಕೆಳಗೆ ಇಟ್ಟು ತಂದವನು. ಅವನಿಗೆ ಎಲ್ಲವೂ ಗೊತ್ತಿತ್ತು.

“ಗಡಿಗಿ ಗಂಜ್ಯಾಗ ಹೋತರಿ,” ಎಂದಳು ತುಟಿ ಅಲುಗಿಸದೆ.

ಅವನ ಮುಖ ಹಿಟ್ಟಿನಂತಾಯಿತು. “ಬಾಯಿ ಮುಚ್ಚ. ಅವ್ವಗ ಗೊತ್ತಾದ್ರ ನಿನ್ನನ್ನ ಮದಲ, ನನ್ನನ್ನ ಆಮ್ಯಾಲ ಇದ ಹಾಸಿನ ನೂಲಿಗೆ ಕಟ್ಟಿ ಒಣಗಸ್ತಾಳ! ಮನ್ಯಾಗ ಶೆರೆ ಮಾಡೂದ ಪೊಲೀಸ್ರ ಕೇಸ ಬ್ಯಾರೆ. ಬೀಗರ ಕಿವಿಗೆ ಬಿದ್ರ ಐಶೂನ ಲಗ್ನ...”

“ನೂಲ ಹರದ್ರ?”

“ಹರದಾಗ ನೋಡೂಣು.”

ಹರಿಯಿತು. ಹಾಸನ್ನು ಕುಣಿಮಗ್ಗಕ್ಕೆ ಏರಿಸಿ, ಗವಿಸಿದ್ದಪ್ಪ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆದದ್ದೇ ತಡ, ಪಟ್ ಎಂದು ಒಂದೆಳೆ! ಕಟ್ಟಿದ. ಮತ್ತೆ ಎಸೆದ. ಪಟ್, ಪಟ್! ಎಳೆಗಳೆಲ್ಲ ಹಸುಗೂಸಿನ ತಲೆಗೂದಲಿನಂತೆ ನವಿರೆದ್ದು ಒಂದಕ್ಕೊಂದು ತೊಡರಿದವು. ಗವಿಸಿದ್ದಪ್ಪ ಎಂದರೆ ಕಣ್ಣು ಮುಚ್ಚಿ ಜೇಡನಿಗೂ ನೇಯುವುದನ್ನು ಕಲಿಸುವ ಮನುಷ್ಯ. ಮಾತು ಆಡುವುದಕ್ಕೂ ನೂಲು ಖರ್ಚಾಗುತ್ತದೆಯೋ ಎಂಬಂತೆ ಇರುವವನು. ಆ ದಿನ, ಮರುದಿನ, ಅದರ ಮರುದಿನವೂ ಕೂತ. ಕಟ್ಟಿದ, ಹರಿಯಿತು. ಮತ್ತೆ ಕಟ್ಟಿದ, ಮತ್ತೆ ಹರಿಯಿತು. ಗೇಣು ಬಟ್ಟೆ ಏಳಲಿಲ್ಲ.

ಸುಶೀಲವ್ವನಿಗಂತೂ ದೂರಲು ಜನ ಸಾಲಲಿಲ್ಲ. ನೂಲು ಕೊಟ್ಟವನನ್ನು ಬೈದಳು, ನಿಲೋಫರಳ ನಾಲಿಗೆಯನ್ನು ಬೈದಳು, ಮೋಡವನ್ನು ಬೈದಳು, ಕೊನೆಗೆ ಸೊಸೆಯ ಕಡೆಗೆ ತಿರುಗಿದಳು. “ಅಪ್ಪನ್ನ ನುಂಗಿ ಬಂದಾಕಿ. ಸೂತಕದ ಕಾಲ ಮಗ್ಗದ ಮನ್ಯಾಗ ಇಟ್ರ ನೂಲ ಹರೀಲಾರದ ಏನ ಮಾಡೀತು!”

ಬನಶ್ರೀ ತಲೆ ತಗ್ಗಿಸಿದಳು. ಬೈಗುಳವೇ ಒಂದು ಆಸರೆಯೆನಿಸಿತು ಅವಳಿಗೆ. ಬೈಯಲಿ... ಇನ್ನೂ ಬೈಯಲಿ! ಒಳಗಿನ ಕೋಣೆಯ ಮೂಲೆಯಲ್ಲಿ ಅವಳು ಆಗಲೇ ಇನ್ನೊಂದು ಗಡಿಗೆಗೆಂದು ಜೋಳ ನೆನೆಸಿಟ್ಟಿದ್ದಳು.

ಆ ಮಧ್ಯಾಹ್ನ ಮಗ್ಗದ ಸದ್ದು ನಿಂತೇಹೋಯಿತು. ನೀರಿನ ತಂಬಿಗೆ ಹಿಡಿದು ಹೋದ ಬನಶ್ರೀ ಬಾಗಿಲಲ್ಲೇ ನಿಂತಳು. ಗವಿಸಿದ್ದಪ್ಪ ತನ್ನ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ಯಾರದೋ ಕೈಗಳನ್ನು ನೋಡುವಂತೆ ನೋಡುತ್ತಿದ್ದ. ಎದುರಿಗೆ ಮದುವಣಗಿತ್ತಿ ಐಶ್ವರ್ಯಾ ಕೂತಿದ್ದಳು.

“ನೂಲಿಂದ ತಪ್ಪಿಲ್ಲವ್ವ,” ಎಂದ ಅವನು, ಮೆಲ್ಲಗೆ. “ನನ್ನ ಕೈ ಹೋತು. ಬಿಗಿ ಎಷ್ಟ, ಸಡಲ ಎಷ್ಟ, ತಿಳೀವಲ್ದು. ಅಂಗಡ್ಯಾಗ ಒಂದ ಸೀರಿ ತಗೋ. ಚಲೋದ ತಗೋ. ನಿನ್ನ ಲಗ್ನ ಆದಮ್ಯಾಲ ಈ ಕುಣಿ ಮುಚ್ಚಿಸ್ತೀನಿ.”

“ಯಪ್ಪಾ, ಹಂಗನಬ್ಯಾಡೋ...”

“ಅಳಬ್ಯಾಡ. ಕೈ ಅಂದ್ರ ಏನ, ಎತ್ತಿದ್ದಂಗ. ದಣಿದ್ರ ನೊಗ ಇಳಸಬೇಕು.” ಹಾಗೆಂದವನೇ ಮುಖ ತಿರುಗಿಸಿದ. ಬೆನ್ನು ಅಲುಗುತ್ತಿತ್ತು. ಆ ಮನುಷ್ಯ ಅತ್ತದ್ದನ್ನು ಆ ಮನೆಯ ಗೋಡೆಗಳೂ ನೋಡಿರಲಿಲ್ಲ!

ಬನಶ್ರೀಯ ಕೈಯಿಂದ ತಂಬಿಗೆ ಜಾರಿತು. ಸತ್ತ ಅಪ್ಪನ ಒಂದು ಲೋಟಕ್ಕಾಗಿ ಬದುಕಿರುವ ಅಪ್ಪನಂಥ ಮಾವನ ಎರಡೂ ಕೈ ಕಡಿದೆನಲ್ಲ... ಎಂದು ಅವಳ ಜೀವ ಕೂಗಿತು. ಓಡಿಬಂದು ಕುಣಿಯ ಅಂಚಿನಲ್ಲಿ ಕುಸಿದಳು.

“ಮಾವಾರ, ನಿಮ್ಮ ಕೈ ಹೋಗಿಲ್ಲರಿ! ನಿಮ್ಮ ಕೈಗೆ ಏನೂ ಆಗಿಲ್ಲರಿ! ಗಂಜಿ ಕೆಟ್ಟೈತ್ರಿ... ಕೆಡಿಸಿದಾಕಿ ನಾನು!”

ಸದ್ದು ಕೇಳಿ ಸುಶೀಲವ್ವ ಬಂದಳು, ಹಿಂದೆ ಊಟಕ್ಕೆ ಬಂದಿದ್ದ ಶರತ. ಬನಶ್ರೀ ಯಾರ ಮುಖವನ್ನೂ ನೋಡದೆ ಎಲ್ಲವನ್ನೂ ಹೇಳಿದಳು. ಗಡಿಗೆಯಲ್ಲಿದ್ದುದು ಗಂಜಿಯಲ್ಲ, ಅಪ್ಪ ಕಲಿಸಿದ ಶೆರೆ. ಮೊಳಕೆಯ ಜೋಳ ಗಂಜಿಯ ಬಿಗಿಯನ್ನು ತಿಂದಿದೆ. ಸುರಿಯುವಾಗ ತಾನು ಕಣ್ಣಾರೆ ನೋಡಿದ್ದೆ, ನೋಡಿ ಸುಮ್ಮನಿದ್ದೆ.

ಆಮೇಲೆ ಸುಶೀಲವ್ವ ಬಾಯಿ ತೆರೆದಳು. ಗಜೇಂದ್ರಗಡದ ಕೋಟೆಯ ಕಲ್ಲು ಉರುಳಿದ್ದರೂ ಅಷ್ಟು ಸದ್ದಾಗುತ್ತಿರಲಿಲ್ಲ!

“ಶೆರೆ! ನನ್ನ ಮನ್ಯಾಗ ಶೆರೆ! ನನ್ನ ಕೈಲೆ ಎತ್ತಿಸಿ ನನ್ನ ಮಗಳ ಸೀರಿಗೆ ಹಾಕಸಿದ್ಯಲ್ಲೇ! ಅಸೂಟ್ಯಾಗ ನನ್ನ ತವರಮನಿ ಏನಾಗೇತಿ ಗೊತ್ತೈತೇನ ನಿನಗ? ನಮ್ಮಪ್ಪ ಕುಡದ ಬಂದ, ಮಗ್ಗಾ ಒಡದ ಒಲೀಗೆ ಹಾಕಿದ. ನಮ್ಮವ್ವ ಅದ ಬೆಂಕ್ಯಾಗ ರೊಟ್ಟಿ ಬಡದ್ಳು. ಆ ರೊಟ್ಟಿ ತಿಂದ ಬೆಳದಾಕಿ ನಾನು! ಅದರ ವಾಸನಿ ಬಂದ್ರ ಇವತ್ತಿಗೂ ನನ್ನ ಹೊಟ್ಟ್ಯಾಗಿನ ಕರುಳ ಉರೀತಾವ!”

“ನಮ್ಮಪ್ಪ ಅಂಥಾಂವ ಅಲ್ಲರಿ ಅತ್ತಿ...”

“ಎಲ್ಲಾರೂ ಮದಲ ಒಂದ ಲೋಟದಾಂವ್ರ ಇರತಾರ! ಕೇಳಿಲ್ಲೆ. ಆ ಹೆಪ್ಪು ಒಲೀಗೆ ಹೋಗಬೇಕು, ನಿನ್ನ ಕೈಲೇ ಹೋಗಬೇಕು. ಇಲ್ಲಂದ್ರ ಗಂಟ ಕಟಗೊಂಡ ಪುರ್ತಗೇರಿಗೆ ನಡಿ.”

“ಯವ್ವಾ, ನಾನೂ...” ಎಂದ ಶರತ. ತಡವರಿಸಿದ. “ತಂದಾಂವ ನಾನ. ನನಗೂ ಗೊತ್ತಿತ್ತು.”

“ಗೊತ್ತಿತ್ತಾ? ಹಂಗಾದ್ರ ನೀನೂ ನಡಿ! ಇಬ್ಬರೂ ಕೂಡೇ ಸಂಸಾರ ಮಾಡ್ರಿ, ಗಡಿಗ್ಯಾಗ!”

“ಸುಶೀಲಾ.” ಗವಿಸಿದ್ದಪ್ಪ ಕುಣಿಯಿಂದ ಎದ್ದು ನಿಂತಿದ್ದ. ಎಳೆಯೊಂದನ್ನು ಹಿಡಿದು ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಗಲ್ಲಿಗೆ ಹಾಕುವ ಮುಂಚೆ ಬಿಡುಗಡೆಯಾದವನ ಮುಖ ಅದು. “ಹಂಗಾದ್ರ ನನ್ನ ಕೈ... ಖರೇನೇನವ್ವ, ನನ್ನ ಕೈ ಚಲೋ ಐತೆ?”

“ಖರೇನ್ರಿ ಮಾವಾರ. ನಮ್ಮಪ್ಪನ ಆಣಿ.”

“ಹಾಸ ಉಳೀತೈತೇನ?”

“ಬೆಚ್ಚನ ನೀರಾಗ ತೊಳದ ಆ ಹುಳಿ ಎಲ್ಲಾ ಬಿಡಿಸಿ, ಹೊಸಾ ಗಂಜಿ ಕುದಿಸಿ ಹಚ್ಚಿದ್ರ ಉಳೀತೈತಿ ಅನಸ್ತೈತ್ರಿ. ಹರದಿದ್ದಷ್ಟ ಕಟ್ಟಬೇಕು.”

“ಕಟ್ಟೂಣು. ಮದಲ ಹಾಸು, ಆಮ್ಯಾಲ ಜಗಳ.”

ಮರುದಿನ ಮಗ್ಗದಿಂದ ಹಾಸು ಬಿಚ್ಚಿ, ಮತ್ತೆ ಓಣಿಗೆ ತಂದರು. ನೇಕಾರರ ಓಣಿಯಲ್ಲಿ ಒಮ್ಮೆ ಮಗ್ಗ ಏರಿದ ಹಾಸು ಮತ್ತೆ ಬೀದಿಗೆ ಬರುವುದೆಂದರೆ ಬೀಗರ ಮನೆಗೆ ಹೋದ ಮದುಮಗಳು ಮರುದಿನವೇ ತಿರುಗಿ ಬಂದಂತೆ. ಮಕ್ಕಳು ಮುದುಕರು ಎಲ್ಲ ನೋಡಲು ನಿಂತರು. “ನಾ ಹೇಳಲಿಲ್ಲಾ ಮಜ್ಜಿಗಿ ಅಂತ!” ಎಂದು ಬ್ರಷ್ ಹಿಡಿದೇ ಬಂದ ನಿಲೋಫರಳಿಗೆ ಸುಶೀಲವ್ವ, “ಗಂಜಿ ಕೆಟ್ಟಿತ್ತು. ಕೆಡಿಸಿದಾಕಿ ನಾನು, ನೋಡಲಾರದ ಸುರವಿದೆ. ಸುಮ್ಮನ ತಿಕ್ಕ,” ಎಂದಷ್ಟೇ ಹೇಳಿದಳು. ಓಣಿಯ ಮುಂದೆ ಸೊಸೆಯ ಹೆಸರು ಎತ್ತಲಿಲ್ಲ. ಬನಶ್ರೀ ತಲೆ ಎತ್ತಿ ನೋಡಿದಳು. ಸುಶೀಲವ್ವ ಆಚೆ ತಿರುಗಿ ಒಲೆ ಊದುತ್ತಿದ್ದಳು.

ಬಿಸಿಲು ಬೆನ್ನು ಸುಡುವವರೆಗೆ ಬನಶ್ರೀ ಹರಿದ ಎಳೆಗಳನ್ನು ಕಟ್ಟಿದಳು. ಬೆರಳ ತುದಿ ಸುಲಿಯಿತು; ಬಿಡಲಿಲ್ಲ. ಸಂಜೆಯ ಹೊತ್ತಿಗೆ ಹಾಸು ಒಣಗಿತು; ಗವಿಸಿದ್ದಪ್ಪ ಅದರ ಮೇಲೆ ಅಂಗೈ ಆಡಿಸಿದ. ನಕ್ಕ. ಅಷ್ಟು ಸಾಕಾಗಿತ್ತು.

ಯಾರೂ ಕರೆಯದೆಯೇ ಬನಶ್ರೀ ಟ್ರಂಕಿನಿಂದ ಗಂಟು ತಂದಳು. ಅಡುಗೆಮನೆಯಲ್ಲಿ ಸುಶೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಗಂಟು ಬಿಚ್ಚಿ ಒಂದೊಂದಾಗಿ ಒಲೆಗೆ ಹಾಕಿದಳು. ಬಿಲ್ಲೆಗಳು ಬೇಗ ಉರಿಯಲಿಲ್ಲ. ಸುಟ್ಟ ಅಕ್ಕಿಯ ಸಿಹಿ ವಾಸನೆ ಬಿಟ್ಟು, ಅಂಚು ಕೆಂಪಾಗಿ, ಆಮೇಲೆ ಕುಸಿದವು. ಕೊನೆಯದನ್ನು ಮಾತ್ರ ಒಮ್ಮೆ ಮೂಸಿ ನೋಡಿ ಹಾಕಿದಳು. “ಮುಗೀತರಿ ಅತ್ತಿ,” ಎಂದಳು. ಸುಶೀಲವ್ವನ ನೆಗಡಿ ಬಿಟ್ಟಿತ್ತು. ಆ ವಾಸನೆ ಅವಳ ಮೂಗಿಗೆ ಬಡಿಯಿತು. ಬಡಿಯುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು.

ಎಡೆಯ ದಿನ ಪುರ್ತಗೇರಿಗೆ ಹೊರಟಾಗ ಸುಶೀಲವ್ವ ತಾನೂ ಬಂದು ವ್ಯಾನಿನಲ್ಲಿ ಕೂತಳು. ಯಾರೂ ಕರೆದಿರಲಿಲ್ಲ. ಮಡಿಲಲ್ಲಿ ಒಂದು ಚೀಲ. ದಾರಿಯುದ್ದಕ್ಕೂ ಶರತ ಕನ್ನಡಿಯಲ್ಲಿ ಅವ್ವನ ಮುಖ ನೋಡುತ್ತ ಬೆವತ. ತವರಿನಲ್ಲಿ ಅಣ್ಣ ಅಪ್ಪನ ಫೋಟೋದ ಮುಂದೆ ಎಡೆ ಹಚ್ಚಿದ್ದ. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಹಿತ್ತಾಳೆಯ ಲೋಟದಲ್ಲಿ ನೀರು. ಬನಶ್ರೀ ಆ ನೀರನ್ನು ನೋಡಿದ್ದೇ ತಡ, ಅದುಮಿಕೊಂಡದ್ದೆಲ್ಲ ಒಡೆಯಿತು. “ಅಪ್ಪಾ... ಇಷ್ಟಾ ನೋಡ, ನೀರಷ್ಟಾ...” ಎಂದು ನೆಲಕ್ಕೆ ಹಣೆ ಹಚ್ಚಿ ಬಿಕ್ಕಿದಳು.

“ಸರಿ ಆ ಕಡೆ,” ಎಂಬ ದನಿ ಕೇಳಿತು. ಸುಶೀಲವ್ವ ಲೋಟದ ನೀರನ್ನು ಅಂಗಳಕ್ಕೆ ಚೆಲ್ಲಿ ಬಂದು, ಚೀಲದಿಂದ ಪೇಪರು ಸುತ್ತಿದ ಒಂದು ಚಿಕ್ಕ ಬಾಟಲಿ ತೆಗೆದಳು. ಶರತನ ಬಾಯಿ ಗುಡಿಯ ಬಾಗಿಲಿನಷ್ಟು ತೆರೆಯಿತು.

“ಯವ್ವಾ! ನೀನು... ಅಂಗಡಿಗೆ ಹೋಗಿದ್ಯಾ?”

“ಹೋಗಿದ್ದೆ. ತಲಿಮ್ಯಾಲ ಸೆರಗ ಹೊತಗೊಂಡ ಹೋಗಿ ನಿಂತೆ. ಗಂಡಸರೆಲ್ಲಾ ದೇವಿ ಮೈಮ್ಯಾಲ ಬಂದಾಕಿನ್ನ ಕಂಡಂಗ ಸರದ ನಿಂತ್ರು. ಅಂಗಡ್ಯಾಂವ ಯಾವದ ಬೇಕಬೇ ಅಂದ. ನನಗೇನ ಗೊತ್ತ ಯಾವದಂತ? ಸತ್ತೋರಿಗೆ ಅಂದೆ. ಮಾತಾಡಲಾರದ ಕೊಟ್ಟ.” ಬಾಟಲಿಯ ಮುಚ್ಚಳ ತೆಗೆಯಲು ಬಾರದೆ ಹಲ್ಲು ಕಚ್ಚಿ ತಿರುವಿದಳು, ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು, ಲೋಟಕ್ಕೆ ಸುರಿದಳು. ಕೈ ಚಾಚಿ ಫೋಟೋದ ಮುಂದೆ ಇಟ್ಟು, “ಬೀಗರ, ನಿಮ್ಮ ಮಗಳ ಕೈದ ಅಲ್ಲ, ಅಂಗಡಿದು. ಅಕೀಗೆ ಬೈಬ್ಯಾಡ್ರಿ. ಬೈಯೂದಿದ್ರ ನನಗ ಬೈರಿ,” ಎಂದಳು.

ಬನಶ್ರೀ ಅಳುವಿನ ನಡುವೆಯೇ ನಕ್ಕಳು. “ಅಪ್ಪ ಅಂಗಡಿದ ಮುಟ್ಟತಿದ್ದಿಲ್ಲರಿ ಅತ್ತಿ.”

“ಸೊಕ್ಕ ನೋಡ ಮಿಲ್ಟ್ರಿದು!” ಎಂದಳು ಸುಶೀಲವ್ವ. ಆಮೇಲೆ ದನಿ ಇಳಿಸಿ ಕೇಳಿದಳು, “ಆ ಬಿಲ್ಲಿ... ಮತ್ತೆಲ್ಲಿ ಸಿಗತಾವ? ವರ್ಷಕ್ಕೊಂದ ಸಲ, ಇಲ್ಲೆ, ನಿಮ್ಮ ಅಣ್ಣನ ಹಿತ್ತಲದಾಗ... ಒಂದ ಲೋಟದಷ್ಟ ಮಾಡಕೋ. ನನ್ನ ಮನ್ಯಾಗ ಮಾತ್ರ ಬ್ಯಾಡ.”

“ಎಲ್ಲೂ ಸಿಗೂದಿಲ್ಲರಿ.”

“ಎಲ್ಲೂ ಅಂದ್ರ?”

“ಅಪ್ಪಗ ಕಲಿಸಿದ ಗುಡ್ಡದ ಮುದುಕಿ ಯಾರಂತ, ಆಕಿ ಊರ ಯಾವದಂತ ಅಪ್ಪಗೂ ನೆನಪಿದ್ದಿಲ್ಲರಿ. ಹಳೇದ ಇದ್ರ ಹೊಸಾದ ಹುಟ್ಟತಿತ್ತು. ಈಗ ಹಳೇದ ಇಲ್ಲಲ್ಲರಿ.”

ಒಲೆಗೆ ಹೋದದ್ದು ಏನು ಎಂಬುದು ಸುಶೀಲವ್ವನಿಗೆ ಆಗ ತಿಳಿಯಿತು. ತಿಳಿದು ಏನು ಮಾಡುವುದು? ಬೂದಿಯನ್ನು ತಿರುಗಿ ಹಿಟ್ಟು ಮಾಡುವ ವಿದ್ಯೆ ಯಾವ ಅತ್ತೆಗೆ ಬರುತ್ತದೆ? ಗೋಡೆಗೆ ಕೈಯೂರಿ ಮೆಲ್ಲಗೆ ಕೆಳಗೆ ಕೂತಳು, ಸೊಸೆಯ ಮಗ್ಗುಲಿಗೆ. ಎಷ್ಟೋ ಹೊತ್ತು ಇಬ್ಬರೂ ಫೋಟೋದಲ್ಲಿನ ದಪ್ಪ ಮೀಸೆಯನ್ನು ನೋಡುತ್ತ ಕೂತರು.

“ಹ್ಯಾಂಗ ಮಾಡತಿದ್ದ ನಿಮ್ಮಪ್ಪ?” ಎಂದಳು ಕೊನೆಗೆ ಸುಶೀಲವ್ವ. “ಹೇಳ. ಕೇಳತೀನಿ.”

ಬನಶ್ರೀ ಕಣ್ಣೊರೆಸಿಕೊಂಡಳು. “ಮದಲ ಜ್ವಾಳಾ ನೆನಿಯಾಕ ಇಡತಿದ್ದರಿ,” ಎಂದು ಶುರು ಮಾಡಿದಳು.